ನರಗುಂದದ ಶಾಲೆಗಳನ್ನು ಯಾವ ಅಂಕಿಯಿಂದ ಅಳೆಯಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬ ಪಟ್ಟಿ ಹೊರಬೀಳುತ್ತದೆ. ಮರುದಿನ ಅದೇ ಲೆಕ್ಕ ತಾಲ್ಲೂಕಿಗೂ ಇಳಿಯುತ್ತದೆ. ನರಗುಂದ ಗದಗ ಜಿಲ್ಲೆಯ ಸಣ್ಣ ತಾಲ್ಲೂಕುಗಳಲ್ಲಿ ಒಂದು. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆಯೇ ಸುಮಾರು 36 ಸಾವಿರ. ಇಂಥ ಸಣ್ಣ ಶೈಕ್ಷಣಿಕ ವಲಯವನ್ನು ಉತ್ತೀರ್ಣರ ಶೇಕಡಾವಾರು ಎಂಬ ಒಂದೇ ಅಂಕಿಯಿಂದ ಅಳೆಯುವುದು ತಪ್ಪು ಎಂಬುದು ನನ್ನ ವಾದ. ಹತ್ತನೇ ತರಗತಿಯಲ್ಲಿ ಇಪ್ಪತ್ತೇ ಮಕ್ಕಳಿರುವ ಹಳ್ಳಿಯ ಪ್ರೌಢಶಾಲೆಯಲ್ಲಿ ಒಬ್ಬ ಹುಡುಗ ಗಣಿತದಲ್ಲಿ ನಪಾಸಾದರೆ ಶಾಲೆಯ ಫಲಿತಾಂಶ ಒಮ್ಮೆಲೇ ಶೇ 5ರಷ್ಟು ಕುಸಿಯುತ್ತದೆ. ಇನ್ನು ಪರೀಕ್ಷೆ ನಡೆಸುವ ರೀತಿ ಬದಲಾದರೂ ಅಂಕಿ ಏರುಪೇರಾಗುತ್ತದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿಯಾಗಲಿ ಮೇಷ್ಟ್ರ ದುಡಿಮೆಯಾಗಲಿ ಅಷ್ಟು ಕೆಡುವುದಿಲ್ಲವಲ್ಲ.

ಈ ಅಂಕಿ ಮುಚ್ಚಿಡುವ ದೊಡ್ಡ ಸಂಗತಿ ಬೇರೆಯೇ ಇದೆ. ಎರಡು ಪ್ರೌಢಶಾಲೆಗಳಿವೆ ಎಂದುಕೊಳ್ಳಿ. ಎರಡರಲ್ಲೂ ಎಂಟನೇ ತರಗತಿಗೆ 40 ಮಕ್ಕಳು ಸೇರಿದರು. ಮೊದಲನೆಯದರಲ್ಲಿ ಪರೀಕ್ಷೆಯವರೆಗೆ ಉಳಿದವರು 25, ಪಾಸಾದವರು 22. ಫಲಿತಾಂಶ ಶೇ 88. ಎರಡನೆಯದರಲ್ಲಿ 38 ಮಕ್ಕಳು ಪರೀಕ್ಷೆ ಬರೆದರು, 30 ಮಂದಿ ಪಾಸಾದರು. ಫಲಿತಾಂಶ ಶೇ 79. ಸನ್ಮಾನ ಸಿಗುವುದು ಮೊದಲ ಶಾಲೆಗೆ, ನೋಟಿಸು ಬರುವುದು ಎರಡನೆಯದಕ್ಕೆ. ಆದರೆ ಸೇರಿದ 40 ಮಕ್ಕಳಲ್ಲಿ 30 ಮಂದಿಯನ್ನು ದಡ ಸೇರಿಸಿದ್ದು ಎರಡನೇ ಶಾಲೆ. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಮನೆಗೆ ಹೋಗಿ ಕರೆತಂದು ಕೂರಿಸಿಕೊಂಡ ಮೇಷ್ಟ್ರಿಗೇ ಪೆಟ್ಟು ಬೀಳುವ ಲೆಕ್ಕ ಇದು.

ನರಗುಂದದಂಥ ಕಡೆ ಮಕ್ಕಳನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಎರೆಹೊಲದ ಸೀಮೆ ಇದು. ಹೆಸರುಕಾಯಿ ಬಿಡಿಸುವಾಗ, ಹತ್ತಿ ಬಿಡಿಸುವಾಗ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ದೊಡ್ಡ ಹುಡುಗಿ ಹೊಲಕ್ಕೆ ಹೋಗುತ್ತಾಳೆ, ಇಲ್ಲವೇ ಅವ್ವ ಹೊಲಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುತ್ತಾಳೆ. ಮಲಪ್ರಭೆಯ ಕಾಲುವೆ ನೀರು ನೆಚ್ಚಿಕೊಂಡ ಬೇಸಾಯ ಕೈಕೊಟ್ಟ ವರ್ಷ ಗೋವಾ, ಮಂಗಳೂರಿನ ಕಡೆ ಗುಳೆ ಹೊರಡುವ ಕುಟುಂಬಗಳೊಂದಿಗೆ ಮಕ್ಕಳೂ ಹೋಗುತ್ತಾರೆ. ಅದೇ ಮಲಪ್ರಭೆ ಮತ್ತು ಬೆಣ್ಣಿಹಳ್ಳ 2019ರ ಆಗಸ್ಟ್‌ನಲ್ಲಿ ಉಕ್ಕಿ ಕೊಣ್ಣೂರು, ಲಖಮಾಪುರ, ವಾಸನದಂಥ ಊರುಗಳಿಗೆ ನುಗ್ಗಿದವು. ನೆರೆ ಬಂದಾಗ ಮೊದಲು ಗಂಜಿ ಕೇಂದ್ರವಾಗುವುದು ಶಾಲೆಯ ಕಟ್ಟಡವೇ. ಕಳೆದುಹೋದ ಆ ಪಾಠದ ದಿನಗಳಿಗೆ ಯಾವ ರ‍್ಯಾಂಕ್ ಪಟ್ಟಿಯಲ್ಲೂ ಕಾಲಂ ಇಲ್ಲ.

ಮನೆಯ ಓದಿನ ಹಿನ್ನೆಲೆಯನ್ನೂ ನೋಡಬೇಕು. 2011ರ ಜನಗಣತಿಯಂತೆ ಗದಗ ಜಿಲ್ಲೆಯ ಸಾಕ್ಷರತೆ ಶೇ 75.12. ರಾಜ್ಯದ್ದು ಶೇ 75.36. ಇಷ್ಟೇ ನೋಡಿದರೆ ಕೊರತೆಯೇ ಕಾಣದು. ಬಿಡಿಸಿ ನೋಡಿದರೆ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ 84.66, ಅಂದರೆ ರಾಜ್ಯದ ಶೇ 82.47ಕ್ಕಿಂತ ಹೆಚ್ಚು, ಹೆಂಗಸರದ್ದು ಶೇ 65.44, ರಾಜ್ಯದ ಶೇ 68.08ಕ್ಕಿಂತ ಕಡಿಮೆ. ಈ ಜಿಲ್ಲೆ ಗಂಡುಮಕ್ಕಳನ್ನು ಓದಿಸಿದಷ್ಟು ಹೆಣ್ಣುಮಕ್ಕಳನ್ನು ಓದಿಸಲಿಲ್ಲ. ಸಂಜೆ ಮಗುವಿನ ಪಾಟಿ ನೋಡಿ ತಿದ್ದಬೇಕಾದ ತಾಯಿಗೇ ಅಕ್ಷರ ಸಿಕ್ಕಿಲ್ಲದ ಮನೆಗಳು ಎಷ್ಟೋ ಇವೆ. ಕೈಯಲ್ಲಿ ನಾಲ್ಕು ಕಾಸು ಇರುವವರು ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಯ ವ್ಯಾನು ಹತ್ತಿಸಿದ ಮೇಲೆ ಊರಿನ ಸರ್ಕಾರಿ ಶಾಲೆಯಲ್ಲಿ ಉಳಿಯುವವರಲ್ಲಿ ಹೆಚ್ಚಿನವರು ಇಂಥ ಮನೆಗಳ ಮಕ್ಕಳೇ.

ಇದೆಲ್ಲ ನೆಪ, ಬಡತನದ ಹೆಸರು ಹೇಳಿ ಪಾಠ ಮಾಡದವರನ್ನು ಕಾಪಾಡಿದಂತಾಗುತ್ತದೆ ಎನ್ನುವವರಿದ್ದಾರೆ. ಆ ಅಂಜಿಕೆ ಸುಳ್ಳಲ್ಲ. ಐದನೇ ತರಗತಿಗೆ ಬಂದರೂ ಕನ್ನಡ ಓದಲು ಬಾರದ ಮಗು ಇದ್ದರೆ ಶಾಲೆ ಉತ್ತರ ಹೇಳಲೇಬೇಕು. ಆದರೆ ಆ ಉತ್ತರ ಪಡೆಯಲು ನರಗುಂದವನ್ನು ಫಲಿತಾಂಶದ ಪಟ್ಟಿಯಲ್ಲಿ ಮುಂದಿರುವ ಉಡುಪಿಯ ಜೊತೆ ನಿಲ್ಲಿಸಬೇಕಿಲ್ಲ. ಅದರದೇ ಮೂರು ವರ್ಷದ ಹಿಂದಿನ ಸ್ಥಿತಿಯೊಡನೆ ಹೋಲಿಸಿದರೆ ಸಾಕು. ಶಿಕ್ಷಣ ಇಲಾಖೆ ಮಕ್ಕಳ ಜಾಡು ಇಡಲು ಬಳಸುವ ಸ್ಯಾಟ್ಸ್ ಸಂಖ್ಯೆ ಪ್ರತಿ ಮಗುವಿಗೂ ಇದೆ. ಎಂಟಕ್ಕೆ ಸೇರಿದವರಲ್ಲಿ ಯಾರು ಉಳಿದರು, ಯಾರು ಟಿಸಿ ಪಡೆದು ಹೋದರು, ಯಾರು ಸುಮ್ಮನೆ ಕಾಣೆಯಾದರು ಎಂದು ಅದರ ಜಾಡು ಹಿಡಿದೇ ತಿಳಿಯಬಹುದು. ನಿಜಕ್ಕೂ ಇದು ಈಗಿನದಕ್ಕಿಂತ ಕಠಿಣವಾದ ಪರೀಕ್ಷೆ. ದುರ್ಬಲ ಮಕ್ಕಳನ್ನು ಮೆಲ್ಲಗೆ ಹೊರಗೆ ಸರಿಸಿ ಹೆಸರು ಗಳಿಸುವ ದಾರಿ ಇದರಲ್ಲಿ ಮುಚ್ಚಿಹೋಗುತ್ತದೆ.

ಮಕ್ಕಳೇ ಕಡಿಮೆಯಾದ ಮೇಲೆ ಸಣ್ಣ ಶಾಲೆಗಳನ್ನು ವಿಲೀನ ಮಾಡುವುದೇ ಲೇಸು ಎಂಬುದು ಇನ್ನೊಂದು ಮಾತು. ದಾಖಲಾತಿ ಕುಸಿಯಲು ಶಾಲೆಯೊಂದೇ ಕಾರಣವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು, ಹುಟ್ಟುವವರೇ ಕಡಿಮೆಯಾಗಿದ್ದಾರೆ. ಒಬ್ಬರೇ ಶಿಕ್ಷಕರು ಎಲ್ಲ ತರಗತಿ ನೋಡಿಕೊಂಡು ಬಿಸಿಯೂಟದ ಲೆಕ್ಕವನ್ನೂ ಬರೆಯುವ ಸ್ಥಿತಿ ಸರಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಮಳೆಗಾಲದ ಎರೆಮಣ್ಣಿನ ಹಾದಿಯಲ್ಲಿ ಪಕ್ಕದೂರಿಗೆ ನಡೆಯಬೇಕಾದಾಗ ಮೊದಲು ಶಾಲೆ ಬಿಡುವುದು ಹೆಣ್ಣುಮಗು. ಹೆಂಗಸರ ಸಾಕ್ಷರತೆ ಶೇ 65.44ರಷ್ಟೇ ಇದ್ದ ಜಿಲ್ಲೆಯಲ್ಲಿ ಆ ಬೆಲೆ ತೆರುವುದು ಸಲ್ಲದು.

ನಿಮ್ಮೂರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿನ ಸಭೆಗೆ ದಯವಿಟ್ಟು ಹೋಗಿ. ಸೇರಿದವರೆಷ್ಟು, ಉಳಿದವರೆಷ್ಟು, ಅವರಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ಕೇಳಿ. ಶೇಕಡಾವಾರು ಎಷ್ಟೆಂದು ಆಮೇಲೆ ಕೇಳಿದರಾಯಿತು.