ಘಟ್ಟದ ಮೇಲಿನ ಶಾಲೆಗೆ ಬೆದರಿಕೆ ಬಂದರೆ

ಶಾಲೆಯೊಂದಕ್ಕೆ ಬಾಂಬ್ ಬೆದರಿಕೆ ಬಂದ ಕ್ಷಣದಿಂದ ಪೊಲೀಸರು ಆವರಣದೊಳಗೆ ಕಾಲಿಡುವವರೆಗೆ ಮಕ್ಕಳ ಸುರಕ್ಷತೆಯ ಹೊಣೆ ಪೂರ್ತಿಯಾಗಿ ಶಾಲಾ ಸಿಬ್ಬಂದಿಯದು. ಮಹಾನಗರದಲ್ಲಿ ಈ ಅವಧಿ ಕೆಲವೇ ನಿಮಿಷಗಳಲ್ಲಿ ಮುಗಿಯಬಹುದು. ಆದರೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಕನ್ನಡವೇ ಮನೆಮಾತಾಗಿ ಉಳಿದಿರುವ ತಾಳವಾಡಿ ಬೆಟ್ಟಪ್ರದೇಶದ ಗೆಟ್ಟವಾಡಿಯಂಥ ಊರಿನಲ್ಲಿ, ಸ್ಥಳೀಯ ಠಾಣೆಯವರು ಬಂದ ಮೇಲೂ ತಜ್ಞರಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಸ್ಫೋಟಕಗಳನ್ನು ಹುಡುಕಿ ನಿರುಪದ್ರವಗೊಳಿಸುವ ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳ ಈರೋಡಿನಿಂದ ಹೊರಟರೆ, ಸತ್ಯಮಂಗಲ ಮತ್ತು ಬಣ್ಣಾರಿಯನ್ನು ದಾಟಿ, ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಹತ್ತಿ, ಹುಲಿ ಸಂರಕ್ಷಿತ ಪ್ರದೇಶದ ಕಾಡನ್ನು ಹಾದು ಬರಬೇಕು. ನಗರದ ಶಾಲೆಗಳು ಕಡತಕ್ಕಷ್ಟೇ ಸೀಮಿತಗೊಳಿಸುವ ಸಿಬ್ಬಂದಿ ತರಬೇತಿ ಬೆಟ್ಟದ ಶಾಲೆಗೆ ಹೆಚ್ಚು ಅಗತ್ಯವಾಗುವುದು ಇದೇ ಕಾರಣಕ್ಕೆ.

ಹುಸಿ ಎಂದು ನಿರ್ಧರಿಸುವವರು ಯಾರು?

ಬೆಂಗಳೂರಿನ ಹಲವು ಶಾಲೆಗಳಿಗೆ 2022ರ ಏಪ್ರಿಲ್‌ನಲ್ಲಿ ಇ-ಮೇಲ್ ಮೂಲಕ ಇಂಥ ಬೆದರಿಕೆ ಬಂದಿತ್ತು. 2023ರ ಡಿಸೆಂಬರ್ 1ರಂದು ನಗರ ಮತ್ತು ಸುತ್ತಲಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಬೆದರಿಕೆ ಬಂದಾಗ, ಮಕ್ಕಳನ್ನು ತರಗತಿಯಿಂದ ಹೊರತರುವ ಕೆಲಸ ನಡೆಯುತ್ತಿರುವಾಗಲೇ ಗಾಬರಿಗೊಂಡ ಪೋಷಕರು ಶಾಲೆಗಳ ಗೇಟಿನತ್ತ ಧಾವಿಸಿದರು. ಚೆನ್ನೈನ ಶಾಲೆಗಳು 2024ರ ಫೆಬ್ರುವರಿಯಲ್ಲಿ, ದೆಹಲಿ ಮತ್ತು ನೆರೆಯ ನಗರಗಳ ನೂರಕ್ಕೂ ಹೆಚ್ಚು ಶಾಲೆಗಳು ಅದೇ ವರ್ಷದ ಮೇ 1ರಂದು ಇದೇ ಸಂಕಟವನ್ನು ಎದುರಿಸಿದವು. 2025ರ ಜುಲೈ 18ರಂದು ಬೆಂಗಳೂರು ಮತ್ತು ದೆಹಲಿಗಳೆರಡರಲ್ಲೂ ಅದು ಮರುಕಳಿಸಿತು. ಇವೆಲ್ಲವೂ ಕೊನೆಗೆ ಹುಸಿಯಾದವು. ಕಳುಹಿಸುವವರ ಗುರುತನ್ನು ಮರೆಮಾಚುವ ವಿಪಿಎನ್ ಎಂಬ ತಂತ್ರಾಂಶದ ನೆರವಿನಿಂದ ಬರುವ ಇಂಥ ಸಂದೇಶಗಳ ಮೂಲವನ್ನು ಹುಡುಕುವುದು ಸುಲಭವಲ್ಲ. ಹುಡುಕಿದ ಕೆಲವು ಪ್ರಕರಣಗಳಲ್ಲಿ, ಉದಾಹರಣೆಗೆ ದೆಹಲಿ ಪೊಲೀಸರು 2025ರ ಜನವರಿಯಲ್ಲಿ ಪತ್ತೆಹಚ್ಚಿದ ಪ್ರಕರಣದಲ್ಲಿ, ಪರೀಕ್ಷೆ ತಪ್ಪಿಸಿಕೊಳ್ಳಬೇಕೆಂದಿದ್ದ ವಿದ್ಯಾರ್ಥಿಯತ್ತಲೇ ಬೆರಳು ತಿರುಗಿತು.

ಪದೇ ಪದೇ ಹುಸಿಯಾಗುವ ಬೆದರಿಕೆ ಸಿಬ್ಬಂದಿಯಲ್ಲಿ ಉದಾಸೀನವನ್ನು ಬೆಳೆಸುತ್ತದೆ. ಆದರೆ ಬಂದ ಸಂದೇಶ ಹುಸಿಯೋ ನಿಜವೋ ಎಂದು ತೀರ್ಮಾನಿಸುವುದು ಮುಖ್ಯೋಪಾಧ್ಯಾಯರ ಕೆಲಸವಲ್ಲ, ಅದು ಪೊಲೀಸರದು ಎಂಬುದು ತರಬೇತಿಯ ಮೊದಲ ಪಾಠವಾಗಬೇಕು. ಹೆಸರು ಮರೆಮಾಚಿ ಬೆದರಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 351(4)ನೇ ಕಲಂ ಪ್ರತ್ಯೇಕವಾಗಿ ಗುರುತಿಸಿ, ಬೆದರಿಕೆಗೆ ಸಲ್ಲುವ ಶಿಕ್ಷೆಯ ಜೊತೆಗೆ ಇನ್ನೂ ಎರಡು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಇದನ್ನು ದೊಡ್ಡ ತರಗತಿಗಳ ಮಕ್ಕಳಿಗೂ ತಿಳಿಸಿಡುವುದು ಒಳ್ಳೆಯದು.

ತರಬೇತಿಗೆ ಕಾನೂನಿನ ಆಧಾರ

ಸಿಬ್ಬಂದಿಗೆ ತರಬೇತಿ ಕೊಡುವುದು ಶಾಲೆಯ ಇಚ್ಛೆಗೆ ಬಿಟ್ಟ ವಿಷಯವಲ್ಲ. ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ 2004ರ ಜುಲೈ 16ರಂದು ಅಡುಗೆಮನೆಯ ಬೆಂಕಿ ಹುಲ್ಲುಚಾವಣಿಗೆ ಹರಡಿ 94 ಮಕ್ಕಳು ಬಲಿಯಾದರು. ಆ ದುರಂತದ ಹಿನ್ನೆಲೆಯ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ ತೀರ್ಪು ನೀಡಿ, ಶಿಕ್ಷಕರೂ ಇತರ ಸಿಬ್ಬಂದಿಯೂ ಬೆಂಕಿಯಲ್ಲಷ್ಟೇ ಅಲ್ಲದೆ ಇತರ ತುರ್ತು ಸಂದರ್ಭಗಳಲ್ಲೂ ಮಕ್ಕಳನ್ನು ಸುರಕ್ಷಿತವಾಗಿ ತೆರವುಗೊಳಿಸಲು ತರಬೇತಿ ಪಡೆದಿರಬೇಕು ಎಂದಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿಯನ್ನು ಹೊರತಂದಿತು. ಬಾಂಬ್ ಬೆದರಿಕೆಗೆಂದೇ ಎಸ್‌ಒಪಿ, ಅಂದರೆ ಯಾರು ಯಾವ ಕ್ರಮದಲ್ಲಿ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟ ಕಾರ್ಯವಿಧಾನವನ್ನು ರೂಪಿಸುವಂತೆ ದೆಹಲಿ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಮತ್ತು ಪೊಲೀಸರಿಗೆ ಸೂಚಿಸಿತು.

ಕರೆ, ಕಾಗದ, ಮೇಲ್

ದೂರವಾಣಿಯಲ್ಲಿ ಬೆದರಿಕೆ ಬಂದರೆ ಕರೆ ಸ್ವೀಕರಿಸಿದವರು ಫೋನ್ ಇಡದೆ ಮಾತನ್ನು ಲಂಬಿಸಬೇಕು. ಬಾಂಬ್ ಎಲ್ಲಿದೆ, ಯಾವಾಗ ಸಿಡಿಯುತ್ತದೆ, ನೋಡಲು ಹೇಗಿದೆ, ಇಟ್ಟವರು ಯಾರು, ಏಕೆ ಎಂದು ಕೇಳಿ, ಉತ್ತರಗಳನ್ನು ಆಡಿದ ಮಾತಿನಲ್ಲೇ ಬರೆದುಕೊಳ್ಳಬೇಕು. ದನಿಯ ವಯಸ್ಸು, ಮಾತಿನ ಧಾಟಿ, ಹಿನ್ನೆಲೆಯಲ್ಲಿ ಕೇಳಿಸುವ ಬಸ್ಸಿನ ಹಾರನ್ ಅಥವಾ ಯಂತ್ರದ ಸದ್ದು, ಕರೆ ಬಂದ ಮತ್ತು ಮುಗಿದ ಹೊತ್ತು ಇವೆಲ್ಲವೂ ತನಿಖೆಗೆ ಬೇಕಾಗುವ ವಿವರಗಳು. ತಾಳವಾಡಿಯಲ್ಲಿ ಮಾತು ಕನ್ನಡದಲ್ಲಿತ್ತೋ ತಮಿಳಿನಲ್ಲಿತ್ತೋ ಎಂಬುದೂ ಒಂದು ಸುಳಿವೇ. ಈ ಪ್ರಶ್ನೆಗಳನ್ನು ಅಚ್ಚು ಹಾಕಿಸಿದ ಒಂದು ಹಾಳೆ ಫೋನಿನ ಪಕ್ಕದಲ್ಲೇ ಇದ್ದರೆ ಗಾಬರಿಯಾದವರಿಗೂ ಏನು ಕೇಳಬೇಕೆಂಬುದು ಮರೆಯುವುದಿಲ್ಲ. ಬೆದರಿಕೆ ಕಾಗದದಲ್ಲಿದ್ದರೆ ಅದನ್ನು ಕೈಯಿಂದ ಕೈಗೆ ದಾಟಿಸಬಾರದು. ಮೇಲ್ ಆಗಿದ್ದರೆ ಅಳಿಸಬಾರದು, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚಲೂ ಬಾರದು. ಸಂದೇಶ ಹಾದುಬಂದ ದಾರಿಯನ್ನು ದಾಖಲಿಸುವ ಹೆಡರ್ ಎಂಬ ಮಾಹಿತಿ ಮೂಲ ಮೇಲ್‌ನಲ್ಲಿ ಉಳಿದಿರುತ್ತದೆ, ತೆರೆಯ ಚಿತ್ರದಲ್ಲಿ ಅದು ಸಿಗುವುದಿಲ್ಲ.

ಕಣ್ಣು ಹುಡುಕಬೇಕು, ಕೈ ಮುಟ್ಟಬಾರದು

ತರಗತಿಯಲ್ಲಿ ಯಾವ ವಸ್ತು ಎಲ್ಲಿರುತ್ತದೆಂದು ಪೊಲೀಸರಿಗಿಂತ ಅಲ್ಲಿನ ಶಿಕ್ಷಕಿಗೇ ಚೆನ್ನಾಗಿ ಗೊತ್ತಿರುವುದರಿಂದ, ಅಪರಿಚಿತ ವಸ್ತು ಇದೆಯೇ ಎಂದು ಗಮನಿಸುವ ಕೆಲಸವನ್ನು ಸಿಬ್ಬಂದಿಯೇ ಮಾಡಬಲ್ಲರು. ಮೊದಲು ಹೊರಹೋಗುವ ದಾರಿ ಮತ್ತು ಮಕ್ಕಳು ಸೇರುವ ಜಾಗವನ್ನು ನೋಡಿ, ಆಮೇಲೆ ಕೋಣೆಯನ್ನು ನೆಲದಿಂದ ಸೊಂಟದೆತ್ತರ, ಅಲ್ಲಿಂದ ತಲೆಯೆತ್ತರ, ಬಳಿಕ ಚಾವಣಿಯವರೆಗೆ ಹಂತಹಂತವಾಗಿ ನೋಡುವುದು ರೂಢಿಯ ಕ್ರಮ. ಶಂಕಾಸ್ಪದ ವಸ್ತು ಕಂಡರೆ ಅದನ್ನು ಮುಟ್ಟದೆ, ಸರಿಸದೆ, ನೀರು ಹಾಕದೆ, ಹತ್ತಿರದಲ್ಲಿ ಮೊಬೈಲ್ ಬಳಸದೆ ಹಿಂದೆ ಸರಿಯಬೇಕು. ಕೈಚೀಲದಷ್ಟು ದೊಡ್ಡ ವಸ್ತುವಿನಿಂದ 100 ಮೀಟರ್, ಸೂಟ್‌ಕೇಸ್ ಅಥವಾ ಕಾರಿನಿಂದ 200 ಮೀಟರ್, ಲಾರಿಯಿಂದ 400 ಮೀಟರ್ ದೂರವನ್ನು ಬ್ರಿಟನ್ನಿನ ಮಾರ್ಗಸೂಚಿ ನಿಗದಿಪಡಿಸುತ್ತದೆ.

ಬೆಟ್ಟದ ಊರುಗಳಲ್ಲಿ ಈ ಪಾಠಕ್ಕೆ ಇನ್ನೊಂದು ಉಪಯೋಗವಿದೆ. ಪಶ್ಚಿಮ ತಮಿಳುನಾಡಿನ ಕಾಡಂಚಿನಲ್ಲಿ ಹಂದಿ ಬೇಟೆಗೆಂದು ತಿನಿಸಿನೊಳಗೆ ಅಡಗಿಸಿಡುವ, ತಮಿಳಿನಲ್ಲಿ ಅವುಟ್ಟುಕಾಯ್ ಎನ್ನುವ ಸಿಡಿಮದ್ದನ್ನು ಕಚ್ಚಿ ದನಗಳೂ ಆನೆಗಳೂ ಬಾಯಿ ಛಿದ್ರವಾಗಿ ನರಳಿದ ಪ್ರಕರಣಗಳಿವೆ. ದಾರಿಯಲ್ಲಿ ಬಿದ್ದ ಉಂಡೆಯನ್ನು ಎತ್ತಿಕೊಳ್ಳಬಾರದೆಂದು ಕಲಿತ ಮಗುವಿಗೆ, ಬಾಂಬ್ ಬೆದರಿಕೆ ಎಂದೂ ಬಾರದಿದ್ದರೂ, ಆ ತರಬೇತಿಯ ಫಲ ಸಿಕ್ಕೇ ಸಿಗುತ್ತದೆ.

ತೆರವು ಮತ್ತು ಎಣಿಕೆ

ಬೆಂಕಿಯ ಅಣಕು ಕಾರ್ಯಾಚರಣೆಯನ್ನು ಬಾಂಬ್ ಬೆದರಿಕೆಗೆ ಹಾಗೆಯೇ ಬಳಸಲಾಗದು. ಬೆಂಕಿ ಬಿದ್ದಾಗ ಹತ್ತಿರದ ಬಾಗಿಲಿನಿಂದ ಅಂಗಳಕ್ಕೆ ಬಂದರೆ ಸಾಕಾದೀತು. ಇಲ್ಲಿ ಶಂಕಿತ ವಸ್ತುವಿರುವ ದಾರಿಯನ್ನು ಬಿಟ್ಟು, ಗಾಜಿನ ಕಿಟಕಿಗಳಿಂದಲೂ ವಾಹನಗಳಿಂದಲೂ ದೂರ ಹೋಗಬೇಕಾಗುತ್ತದೆ. ಗೆಟ್ಟವಾಡಿಯ ಸುತ್ತಿನ ಸೀಮೆಯಲ್ಲಿ ದೂರ ಎಂದರೆ ಮುಸುಕಿನ ಜೋಳದ ಹೊಲವೋ ಕಾಡಂಚೋ ಆಗಬಾರದು, ಏಕೆಂದರೆ ಆನೆಯ ಓಡಾಟ ಅಲ್ಲಿನ ದಿನನಿತ್ಯದ ಸಂಗತಿ. ಆದ್ದರಿಂದ ಸೇರುವ ಜಾಗಗಳನ್ನು, ಗಾಳಿ ಮಳೆಗೆ ಆಸರೆಯಾಗುವ ಊರೊಳಗಿನ ಒಂದು ಕಟ್ಟಡವೂ ಸೇರಿದಂತೆ, ಠಾಣೆ ಮತ್ತು ಅರಣ್ಯ ಇಲಾಖೆಯವರೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕರ್ನಾಟಕ ಗಡಿಯ ಮೊಬೈಲ್ ಟವರ್‌ನಿಂದ ಹೊರಟ ತುರ್ತು ಸಂಖ್ಯೆ 112ರ ಕರೆ ಯಾವ ರಾಜ್ಯದ ನಿಯಂತ್ರಣ ಕೊಠಡಿಗೆ ತಲುಪುತ್ತದೆಂದು ವಿಚಾರಿಸಿಟ್ಟುಕೊಂಡು, ತಾಳವಾಡಿ ಠಾಣೆಯ ನೇರ ಸಂಖ್ಯೆಯನ್ನೂ ಗೋಡೆಯ ಮೇಲೆ ಬರೆಸಿರಬೇಕು.

ತೆರವಿನ ಕೊನೆಯ ಹಂತ ಎಣಿಕೆ. ತರಗತಿ ಶಿಕ್ಷಕರು ಹಾಜರಿ ಪುಸ್ತಕವನ್ನು ಹಿಡಿದೇ ಹೊರಬರಬೇಕು, ಹೆಸರು ಕೂಗಿ ಲೆಕ್ಕ ಒಪ್ಪಿಸಬೇಕು. ನಡೆಯಲಾಗದ ಮಗುವಿಗೆ ಇಂಥವರೇ ಜೊತೆ ಎಂದು ಹೆಸರು ಗೊತ್ತಾಗಿರಬೇಕು. ಪೋಷಕರಿಗೆ ಸುದ್ದಿ ಒಬ್ಬರ ಬಾಯಿಂದಲೇ ಹೋಗಬೇಕು, ಮಗುವನ್ನು ಸಹಿ ಪಡೆದೇ ಒಪ್ಪಿಸಬೇಕು.

ಈ ತರಬೇತಿ ಶಿಕ್ಷಕರಿಗೆ ಮಾತ್ರ ಸೀಮಿತವಾದರೆ ಪ್ರಯೋಜನವಿಲ್ಲ. ತಮಿಳುನಾಡು ಸರ್ಕಾರ 2022ರ ಸೆಪ್ಟೆಂಬರ್ 15ರಂದು ಆರಂಭಿಸಿದ ಬೆಳಗಿನ ಉಪಾಹಾರ ಯೋಜನೆಯಿಂದಾಗಿ ಪ್ರಾಥಮಿಕ ಶಾಲೆಯ ಒಲೆ ಗಂಟೆ ಬಾರಿಸುವ ಮೊದಲೇ ಹೊತ್ತಿಕೊಂಡಿರುತ್ತದೆ. ಗ್ಯಾಸ್ ಆರಿಸಿ ಮೊದಲು ಹೊರಬರಬೇಕಾದವರು ಅಡುಗೆಯವರು, ಮತ್ತು ಹಿಂದಿನ ಸಂಜೆ ಇಲ್ಲದ ಚೀಲವನ್ನು ಬೆಳಿಗ್ಗೆ ಮೊದಲು ಕಾಣುವವರು ಕಸ ಗುಡಿಸುವವರು. ಮೇಲಿನಿಂದ ಬರುವ ಸುತ್ತೋಲೆ ತಮಿಳಿನಲ್ಲಿರಬಹುದು, ಆದರೆ ಅದನ್ನು ಕಾರ್ಯಗತಗೊಳಿಸುವವರ ಮನೆಮಾತು ಕನ್ನಡವಾದ್ದರಿಂದ ಸೂಚನೆಗಳು ಎರಡೂ ಭಾಷೆಗಳಲ್ಲಿ ಇರಲೇಬೇಕು. ವರ್ಷಕ್ಕೆರಡು ಬಾರಿ ಅಣಕು ಕಾರ್ಯಾಚರಣೆ ನಡೆಸಿ, ಎಣಿಕೆಗೆ ಎಷ್ಟು ಹೊತ್ತಾಯಿತು, ಯಾವ ಬಾಗಿಲು ತೆರೆಯಲಿಲ್ಲ, ಯಾರಿಗೆ ಸುದ್ದಿ ಮುಟ್ಟಲಿಲ್ಲ ಎಂಬುದನ್ನು ಅಂದೇ ಬರೆದಿಟ್ಟು ತಿದ್ದಿಕೊಳ್ಳಲು ಬೇಕಾಗುವುದು ಅರ್ಧ ದಿನ ಮಾತ್ರ. ಅಷ್ಟು ಸಮಯವನ್ನು ಶಾಲೆಯೂ ಶಿಕ್ಷಣ ಇಲಾಖೆಯೂ ಮೀಸಲಿಟ್ಟರೆ, ಘಟ್ಟ ಹತ್ತಿ ಬರುವ ತಜ್ಞರಿಗೆ ಬರಿದಾದ ಕಟ್ಟಡವನ್ನೂ ಲೆಕ್ಕ ಸರಿಯಾದ ಮಕ್ಕಳ ಪಟ್ಟಿಯನ್ನೂ ಒಪ್ಪಿಸುವುದು ಸಾಧ್ಯವಾಗುತ್ತದೆ.