‘ಆ್ಯಕ್ಷನ್’ ಅಂದ ಟೀಚರಮ್ಮ

ನಮ್ಮ ನಾಲ್ಕು ತಾಲ್ಲೂಕುಗಳ ಸಿನಿಮಾ ಲೆಕ್ಕ ಒಮ್ಮೆ ಹಾಕಿ ನೋಡಿ. ಶ್ರೀರಂಗಪಟ್ಟಣದ ಹೊಳೆದಂಡೆ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ರಾಯಗೋಪುರ, ಕಲ್ಯಾಣಿ ಎಲ್ಲವೂ ತೆರೆಯ ಮೇಲೆ ಬಂದಾಯಿತು. ಅದೇ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಜಯಲಲಿತಾ ತೆರೆಯನ್ನೂ ಆಳಿದರು, ತಮಿಳುನಾಡನ್ನೂ ಆಳಿದರು. ಕೆ.ಆರ್. ಪೇಟೆಯ ಕಿಕ್ಕೇರಿ ಕೊಟ್ಟ ಕವಿಯ ಪದ್ಯಗಳು ‘ಮೈಸೂರು ಮಲ್ಲಿಗೆ’ ಸಿನಿಮಾ ಆದವು. ನಾಗಮಂಗಲದ ನಾಗತಿಹಳ್ಳಿಯವರು ‘ಅಮೆರಿಕಾ ಅಮೆರಿಕಾ’ ಮಾಡಿದರು. ಎಲ್ಲ ಸರಿ, ಕ್ಯಾಮೆರಾದ ಹಿಂದೆ ನಿಂತು ‘ಆ್ಯಕ್ಷನ್’ ಅಂದ ಹೆಂಗಸು ಯಾರು?

ಹುಡುಕುತ್ತ ಹೊರಟರೆ ಭದ್ರಾವತಿಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಹುಟ್ಟಿದ ಪ್ರೇಮಾ ಬೆಂಗಳೂರಿನಲ್ಲಿ ಶಾಲಾ ಟೀಚರು. 1958ರಲ್ಲಿ ಮದುವೆಯಾದದ್ದು ಕೈಯಲ್ಲಿ ಕಾಸಿಲ್ಲದ, ತಲೆತುಂಬ ನಾಟಕ ತುಂಬಿಕೊಂಡ ಬಿ.ವಿ. ಕಾರಂತರನ್ನು! ಬನಾರಸ್‌ಗೆ ಹೋದರು, ದೆಹಲಿಗೆ ಹೋದರು. ಗಂಡ ನಾಟಕ ಕಲಿಯಲು ಹೆಂಡತಿಯ ಸಂಬಳ ಆಸರೆಯಾಯಿತು. ಆಮೇಲೆ? ಆಮೇಲೆ ತಾವೇ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿನಿ! ನಾಟಕಗಳಿಗೆ ಬಟ್ಟೆ ಹೊಂದಿಸಿದರು, ‘ಹಂಸಗೀತೆ’ ಸಿನಿಮಾಕ್ಕೆ ವಸ್ತ್ರವಿನ್ಯಾಸ ಮಾಡಿದರು, ‘ಕುದುರೆ ಮೊಟ್ಟೆ’ಗೆ ಕಲಾ ನಿರ್ದೇಶಕಿಯಾದರು, 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿ ಮಕ್ಕಳನ್ನು ರಂಗದ ಮೇಲೆ ಕುಣಿಸಿದರು.

ಇಷ್ಟಾದ ಮೇಲೆ 1983ರಲ್ಲಿ ಬಂತು ನೋಡಿ ಪ್ರೇಮಾ ನಿರ್ದೇಶಿಸಿದ ಸಿನಿಮಾ ‘ಫಣಿಯಮ್ಮ’! ಎಂ.ಕೆ. ಇಂದಿರಾ ತಮ್ಮ ಮನೆತನದ ನಿಜದ ಅಜ್ಜಿಯೊಬ್ಬರ ಬದುಕನ್ನು ತಾಯಿಯ ಬಾಯಲ್ಲಿ ಕೇಳಿ 1976ರಲ್ಲಿ ಕಾದಂಬರಿಯಾಗಿಸಿದ್ದರು. ಗಂಡನೆಂದರೇನೆಂದು ತಿಳಿಯುವ ಮೊದಲೇ ವಿಧವೆ, ತಲೆ ಬೋಳು, ಬಿಳಿ ಸೀರೆ. ಆ ಜೀವ ಯಾರ ಮೇಲೂ ದನಿಯೆತ್ತುವುದಿಲ್ಲ. ಆದರೆ ಮಡಿಯನ್ನು ಬದಿಗಿಟ್ಟು ಕೆಳಜಾತಿಯವರ ಮನೆಗೆ ಬಾಣಂತನಕ್ಕೆ ನಡೆದುಬಿಡುತ್ತದೆ, ತಲೆ ಬೋಳಿಸಲೊಪ್ಪದ ಎಳೆ ವಿಧವೆಯ ಪರ ನಿಲ್ಲುತ್ತದೆ! ಎಲ್.ವಿ. ಶಾರದಾ ಫಣಿಯಮ್ಮನಾದರು, ಮಧು ಅಂಬಟ್ ಕ್ಯಾಮೆರಾ ಹಿಡಿದರು, ಸಂಗೀತ ಕಾರಂತರದು. ಗಂಡನ ಹೆಸರು ಹೆಂಡತಿಯ ಸಿನಿಮಾದಲ್ಲಿ ಸಂಗೀತದ ಸಾಲಿಗೆ ಬಂತು ಅನ್ನುವುದು ನನಗಂತೂ ಬಲು ಇಷ್ಟವಾದ ಸಂಗತಿ. ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರ ಪ್ರಶಸ್ತಿಯೂ ಬಂತು.

ಈಗ ಉಸಿರು ಬಿಗಿಹಿಡಿಯಿರಿ. ಅದೇ 1983ರಲ್ಲಿ, ಭೂಮಿಯ ಆ ತುದಿಯಲ್ಲಿ, ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ಎಂಬ ಪುಟ್ಟ ದ್ವೀಪದ ಯೂಜಾನ್ ಪಾಲ್ಸಿ ಎಂಬ ಕಪ್ಪು ಹುಡುಗಿಯೂ ತನ್ನ ಮೊದಲ ಕಥಾಚಿತ್ರ ಬಿಡುಗಡೆ ಮಾಡುತ್ತಾಳೆ! ಅವಳು ಹುಟ್ಟಿದ್ದು ಯಾವಾಗ? ಪ್ರೇಮಾ ಮದುವೆಯಾದ 1958ರಲ್ಲಿ! ಅವಳದೂ ಕಾದಂಬರಿಯಿಂದ ಎತ್ತಿಕೊಂಡ ಕಥೆ. ಅಲ್ಲೂ ಒಬ್ಬ ಅಜ್ಜಿ. ಮತ್ತೆ ಆ ಅಜ್ಜಿ ಬೆವರು ಹರಿಸುವುದೆಲ್ಲಿ ಅಂತೀರಿ? ಕಬ್ಬಿನ ಗದ್ದೆಯಲ್ಲಿ! ಮೊಮ್ಮಗ ಮಾತ್ರ ಕಬ್ಬು ಕಡಿಯಬಾರದು, ಓದಬೇಕು ಅನ್ನುವ ಒಂದೇ ಹಟ ಅವಳಿಗೆ. ಇಂಗ್ಲಿಷಿನಲ್ಲಿ ‘ಶುಗರ್ ಕೇನ್ ಆಲಿ’ ಎಂದು ಹೆಸರಾದ ಆ ಚಿತ್ರ ಕಬ್ಬು ಬೆಳೆವ ಪಾಂಡವಪುರದ ಯಾವ ಅಜ್ಜಿಗೂ ಸಬ್‌ಟೈಟಲ್ ಇಲ್ಲದೆಯೇ ಅರ್ಥವಾದೀತು. ವೆನಿಸ್ ಚಿತ್ರೋತ್ಸವದಲ್ಲಿ ಬೆಳ್ಳಿ ಸಿಂಹ ಪ್ರಶಸ್ತಿ ಗೆದ್ದ ಪಾಲ್ಸಿ, 1989ರಲ್ಲಿ ಮರ್ಲನ್ ಬ್ರಾಂಡೋನಂಥ ಮಹಾನಟನನ್ನೇ ನಿರ್ದೇಶಿಸಿದಳು. ಹಾಲಿವುಡ್‌ನ ದೊಡ್ಡ ಸ್ಟುಡಿಯೋಗೆ ಸಿನಿಮಾ ಮಾಡಿದ ಮೊದಲ ಕಪ್ಪು ಮಹಿಳೆ ಆಕೆ. 2022ರಲ್ಲಿ ಗೌರವ ಆಸ್ಕರ್ ಕೂಡ ಸಿಕ್ಕಿತು.

ಪ್ರೇಮಾ ಕಾರಂತರಿಗೆ ಅಂಥ ವೇದಿಕೆ ಸಿಗಲಿಲ್ಲ. ಬೆರಳೆಣಿಕೆಯ ಚಿತ್ರಗಳು, ನೂರಾರು ಮಕ್ಕಳಿಗೆ ಕಲಿಸಿದ ನಾಟಕ, ‘ಸೋಲಿಸಬೇಡ ಗೆಲಿಸಯ್ಯ’ ಎಂಬ ಆತ್ಮಕಥೆ. 2007ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಬಿ.ವಿ. ಕಾರಂತ ಅಂದರೆ ತಟ್ಟನೆ ತಲೆದೂಗುವ ನಾವು ಪ್ರೇಮಾ ಅಂದರೆ ‘ಓ, ಅವರ ಹೆಂಡತಿಯಲ್ಲವೇ’ ಅನ್ನುತ್ತೇವೆ. ಇದು ಅನ್ಯಾಯ.

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಾಲೇಜು ಮೇಷ್ಟ್ರುಗಳೇ, ನಿಮ್ಮಲ್ಲೊಂದು ವಿನಂತಿ: ಒಂದೇ ದಿನ ಈ ಎರಡೂ ಚಿತ್ರಗಳನ್ನು ಹುಡುಗಿಯರಿಗೆ ತೋರಿಸಿ. ಮುಂದಿನ ‘ಆ್ಯಕ್ಷನ್’ ನಮ್ಮ ಕಡೆಯಿಂದಲೇ ಕೇಳಿಸಲಿ.