ಚೊಗರಿನ ಬಣ್ಣ, ಚರಕದ ಮಗ್ಗ

ಮಲೆನಾಡಿನಲ್ಲಿ ಕೊನೆ ಕೊಯ್ಲು ಶುರುವಾಯಿತೆಂದರೆ ಮನೆಮನೆಯಲ್ಲೂ ಅಡಿಕೆ ಬೇಯುತ್ತದೆ. ಸುಲಿದ ಹಸಿ ಅಡಿಕೆ ಬೆಂದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸವೇ ಚೊಗರು. ಅಡಿಕೆಗೆ ಬಣ್ಣ ಕಟ್ಟಲು ಅದರಲ್ಲಿ ಒಂದಷ್ಟು ಸಾಕು. ಮಿಕ್ಕಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಸೀರೆ, ಜುಬ್ಬಗಳ ಬಣ್ಣವಾಗುತ್ತದೆ.

ಅಲ್ಲಿರುವುದು ‘ಚರಕ’, ಮಹಿಳೆಯರ ಸಹಕಾರ ಸಂಘ. ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳುತನದಲ್ಲಿ 1996ರಲ್ಲಿ ಶುರುವಾಯಿತು. ಇಳಕಲ್ಲು, ಮೊಳಕಾಲ್ಮೂರುಗಳಂತೆ ತಲೆತಲಾಂತರದಿಂದ ನೇಯ್ದ ಸೀಮೆ ಇದಲ್ಲ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಲಾಳಿ ಹಿಡಿಯುವುದನ್ನು ಹೊಸದಾಗಿ ಕಲಿತರು. ನೂಲಿಗೆ ಬಣ್ಣ ಹಾಕುವುದು, ನೇಯುವುದು, ಅಚ್ಚು ಒತ್ತುವುದು, ಹೊಲಿಯುವುದು ಎಲ್ಲವೂ ಅಲ್ಲೇ ನಡೆಯುತ್ತದೆ.

ಬಣ್ಣದ ಕೆಲಸ ನೋಡುವಂಥದ್ದು. ನೂಲಿನ ಲಡಿಯನ್ನು ಮೊದಲು ಚೆನ್ನಾಗಿ ಕುದಿಸಿ ಜಿಡ್ಡು ಬಿಡಿಸಬೇಕು; ಇಲ್ಲದಿದ್ದರೆ ಬಣ್ಣ ಹತ್ತುವುದೇ ಇಲ್ಲ. ಚೊಗರಿನ ಒಗರೇ ಬಣ್ಣ ಹಿಡಿದಿಡುವ ಗುಣ. ಪಟಿಕ ಕೂಡಿದರೆ ಕಂದುಗೆಂಪು ನಿಲ್ಲುತ್ತದೆ, ಕಬ್ಬಿಣದ ಅಂಶ ಸೇರಿದರೆ ಬೂದು ಕಪ್ಪಿನತ್ತ ತಿರುಗುತ್ತದೆ. ಚೊಗರಲ್ಲದೆ ನೀಲಿ ಬಣ್ಣವೂ ಉಂಟು; ಅದರ ತೊಟ್ಟಿಯಿಂದ ಎತ್ತಿದಾಗ ಲಡಿ ಹಸಿರು ಹಳದಿಯಾಗಿ ಕಾಣುತ್ತದೆ. ಗಾಳಿ ಸೋಕಿದ್ದೇ ತಡ, ನೋಡನೋಡುತ್ತಲೇ ನೀಲಿಯಾಗುತ್ತದೆ. ಜವಳಿ ಕಾರ್ಖಾನೆಗಳ ರಾಸಾಯನಿಕ ಬಣ್ಣದ ನೀರು ಎಷ್ಟೋ ಊರುಗಳ ಹೊಳೆ ಕೆಡಿಸಿರುವಾಗ, ತೋಟದಲ್ಲಿ ಮಿಕ್ಕಿದ್ದನ್ನೇ ಬಣ್ಣವಾಗಿಸಿದ ಈ ಹೆಂಗಸರ ಕೆಲಸ ನನಗೆ ಬಲು ದೊಡ್ಡದಾಗಿ ಕಾಣುತ್ತದೆ.

ಆದರೆ ಬಣ್ಣಕ್ಕಿಂತಲೂ ನನಗೆ ಮುಖ್ಯವೆನಿಸುವುದು ದುಡ್ಡಿನ ದಾರಿ. ಗಿರಣಿ ಬಟ್ಟೆಗೆ ನಾವು ಕೊಡುವ ಹಣದಲ್ಲಿ ಯಂತ್ರಕ್ಕೆ, ಕರೆಂಟಿಗೆ, ಜಾಹೀರಾತಿಗೆ, ನಡುವಿನವರಿಗೆ ಹೋಗಿ ದುಡಿದ ಕೈಗೆ ಉಳಿಯುವುದು ಚೂರು. ಕೈಮಗ್ಗದಲ್ಲಿ ಖರ್ಚಿನ ದೊಡ್ಡ ಪಾಲೇ ಮನುಷ್ಯರ ದುಡಿಮೆ. ಚರಕದಲ್ಲಿ ದುಡಿಯುವವರೇ ಸಂಘದ ಸದಸ್ಯರೂ ಹೌದು. ಲಾಭ ಬಂದರೆ ಹೊರಗಿನ ಬಂಡವಾಳಗಾರನ ಮನೆಗೆ ಹೋಗುವುದಿಲ್ಲ. ಮಾರಾಟಕ್ಕೆ ‘ದೇಸಿ’ ಎಂಬ ಜೊತೆಸಂಸ್ಥೆಯಿದೆ. ಅದರ ಅಂಗಡಿಗಳಿಗೆ ಬಟ್ಟೆ ದಲ್ಲಾಳಿಯ ಕೈ ಹಾಯದೆ ಬರುತ್ತದೆ.

ಇದೆಲ್ಲ ಸಲೀಸಾಗಿ ನಡೆದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಉಪವಾಸ ಕೂತರು. ಅವರ ವಾದ ನ್ಯಾಯವಾದದ್ದೇ: ಯಂತ್ರವನ್ನೂ ಕೈಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಕೈ ಸೋಲಲೇಬೇಕು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಚರಕ ತಾನು ದಿವಾಳಿಯಾಗಿದ್ದೇನೆಂದು ಬಹಿರಂಗವಾಗಿಯೇ ಸಾರಿತು. ಅದೂ ಒಂದು ಬಗೆಯ ಸತ್ಯಾಗ್ರಹವೇ ಆಗಿತ್ತು. ಅಲ್ಲಿಗೆ ಮಗ್ಗದ ಸದ್ದು ನಿಂತುಹೋಗಲಿಲ್ಲ.

ದೇಸಿ ಅಂಗಡಿಗೆ ಹೋದರೆ ಜುಬ್ಬದ ಬೆಲೆಯ ಚೀಟಿ ನೋಡಿ ಹಿಂದೆ ಸರಿಯಬೇಡಿ. ಅದರಲ್ಲಿ ನೂಲು ಕುದಿಸಿದವರ, ನೇಯ್ದವರ, ಹೊಲಿದವರ ಕೂಲಿಯಿದೆ. ಒಂದು ಸಲದ ಬಣ್ಣ ಮತ್ತೊಂದು ಸಲದ ಬಣ್ಣಕ್ಕೆ ತಾಳೆಯಾಗುವುದಿಲ್ಲ, ಹಾಗಾಗಿ ಮೆಚ್ಚಿದ್ದನ್ನು ಆವತ್ತೇ ಕೊಳ್ಳುವುದು ಲೇಸು. ಒಗೆದ ಮೇಲೆ ನೆರಳಲ್ಲಿ ಒಣಹಾಕಿ.